ಬ್ಯಾನರ್ ಬೇಡ, ಬಾಗಿಲು ಹಾಕುವ ಕೋಣೆ ಸಾಕು: ಸಂಘದಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಸಭೆ ಮಾಡುವುದು ಹೇಗೆ

ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ಪಿಂಕ್ ರಿಬ್ಬನ್ ಬರುತ್ತದೆ. ಕಾಲೇಜು ಹುಡುಗಿಯರ ಜಾಥಾ, ಆಮೇಲೆ ವೇದಿಕೆ, ಹಾರ, ಶಾಲು, ಭಾಷಣ, ಮರುದಿನ ಪೇಪರಿನಲ್ಲಿ ಫೋಟೊ. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಹೊತ್ತಿಗೆ ಜಗಳೂರು ಕಡೆಯ ಹೊಲದಲ್ಲಿ ಮೆಕ್ಕೆಜೋಳ ಮುರಿಯುತ್ತಿರುವ ಹೆಂಗಸಿಗೆ, ಸ್ನಾನ ಮಾಡುವಾಗ ನಾಲ್ಕು ತಿಂಗಳಿಂದ ಕೈಗೆ ತಾಗುತ್ತಿರುವ ಗಂಟನ್ನು ಯಾರಿಗೆ ಹೇಳಬೇಕು ಅನ್ನುವುದು ಆ ಜಾಥಾದಿಂದ ಗೊತ್ತಾಗುವುದಿಲ್ಲ. ಯಾರ ಜೊತೆ ಹೋಗಬೇಕು, ಮನೆಯಲ್ಲಿ ಏನು ಹೇಳಿ ಹೊರಡಬೇಕು, ದುಡ್ಡು ಎಷ್ಟಾಗುತ್ತದೆ, ಇದಕ್ಕೆಲ್ಲ ಅಲ್ಲಿ ಉತ್ತರ ಸಿಗುವುದಿಲ್ಲ.

ಅದಕ್ಕೇ ಈ ಬರಹ. ನಿಮ್ಮೂರಲ್ಲಿ ಒಂದು ಸಂಘ ಇದ್ದೇ ಇರುತ್ತದೆ, ಸ್ತ್ರೀಶಕ್ತಿಯೋ, ಧರ್ಮಸ್ಥಳದ್ದೋ, ಇನ್ನೊಂದೋ. ಅದರಲ್ಲಿ ನೀವು ನಾಲ್ಕಕ್ಷರ ಓದಿದವರೋ, ಇಲ್ಲ ಸ್ವಲ್ಪ ಧೈರ್ಯ ಜಾಸ್ತಿ ಇರುವವರೋ ಆಗಿದ್ದರೆ ಸಾಕು. ಒಂದು ಸಂಜೆ, ಒಂದೂವರೆ ಗಂಟೆ ಬೇಕು. ಖರ್ಚು ಅಂದರೆ ಚಹಾ, ಮಂಡಕ್ಕಿ, ಒಂದು ಪಾವು ಮೈದಾಹಿಟ್ಟು. ಹಿಟ್ಟು ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ, ದಾವಣಗೆರೆ ಸುತ್ತಮುತ್ತ ಇಂಥ ಸಭೆ ಕೂಡಿಸುವವಳು ಅಷ್ಟೇ. ಹಾಗಾಗಿ ಇಲ್ಲಿರುವುದು ಸಭೆ ಮಾಡುವ ಬಗೆ. ಚಿಕಿತ್ಸೆ ಯಾವುದು ಅಂತ ಡಾಕ್ಟರೇ ಹೇಳಬೇಕು.

"ಇದೆಲ್ಲ ನಮ್ಮೂರಲ್ಲಿ ಯಾರಿಗಿದೆ ಬಿಡ್ರಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಎರಡು ಲೆಕ್ಕ ಹೇಳಿ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಎರಡನೆಯದು ಇನ್ನೂ ಮುಖ್ಯ. ನಮ್ಮ ದೇಶದ ಕ್ಯಾನ್ಸರ್ ನೋಂದಣಿ ದಾಖಲೆಗಳನ್ನು ಹಿಡಿದು ಮಾಡಿದ ಅಧ್ಯಯನವೊಂದು 2024ರಲ್ಲಿ ಬಂತು. ರೋಗ ಮೊಲೆಯೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷದ ನಂತರವೂ ಬದುಕಿರುವವರು ನೂರಕ್ಕೆ ಸುಮಾರು 81. ಮೈಯ ಬೇರೆ ಕಡೆಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 18. ಅದೇ ದೇಶ, ಅದೇ ಕಾಯಿಲೆ. ಇದನ್ನು ಕೇಳಿದ ಮೇಲೆ "ನಮ್ಮೂರಲ್ಲಿ ಯಾರಿಗಿದೆ" ಅನ್ನುವ ಮಾತು ನಿಲ್ಲುತ್ತದೆ.

ದಿನ, ಜಾಗ

ಅಕ್ಟೋಬರಿಗೇ ಕಾಯಬೇಡಿ. ನಮ್ಮ ಕಡೆ ಆಗ ಮೆಕ್ಕೆಜೋಳದ ಕೆಲಸ, ಚಳ್ಳಕೆರೆ ಕಡೆ ಶೇಂಗಾ ಕೀಳುವುದು, ನಡುವೆ ದಸರಾ, ಹಿಂದೆಯೇ ದೀಪಾವಳಿ. ಯಾರು ಬರುತ್ತಾರೆ? ಭದ್ರಾ ನಾಲೆಯ ಊರಾದರೆ ಭತ್ತ ನಾಟಿ, ಕೊಯ್ಲು ಎರಡನ್ನೂ ಬಿಟ್ಟು ದಿನ ನೋಡಿ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು ಇರುವ ವಾರಗಳಲ್ಲಂತೂ ಸುಮ್ಮನಿದ್ದುಬಿಡಿ. ಎಲ್ಲಕ್ಕಿಂತ ಸುಲಭ ಅಂದರೆ ಸಂಘದ ಹಣ ಕಟ್ಟುವ ದಿನ. ಅವತ್ತು ಹೇಗಿದ್ದರೂ ಎಲ್ಲರೂ ಸೇರುತ್ತಾರೆ, ಮನೆಯಲ್ಲಿ ಹೊಸದಾಗಿ ಒಪ್ಪಿಗೆ ಕೇಳುವ ಕೆಲಸ ಇಲ್ಲ. ಲೆಕ್ಕ ಮುಗಿಸಿ ಪುಸ್ತಕ ಮುಚ್ಚಿದ ಮೇಲೆ ಶುರು ಮಾಡಿ.

ಜಾಗದ ವಿಷಯದಲ್ಲಿ ಒಂದೇ ನಿಯಮ: ಬಾಗಿಲು ಹಾಕಲು ಬರಬೇಕು. ದೇವಸ್ಥಾನದ ಕಟ್ಟೆ ಬೇಡ, ಕಿಟಕಿಯಲ್ಲಿ ಹುಡುಗರು ಇಣುಕುವ ಸಮುದಾಯ ಭವನ ಬೇಡ. ಅಂಗನವಾಡಿ ಕೋಣೆ ಮಧ್ಯಾಹ್ನದ ಮೇಲೆ ಖಾಲಿ ಇರುತ್ತದೆ, ಟೀಚರ್ ಹತ್ತಿರ ಮೊದಲೇ ಕೇಳಿಡಿ. ಮೈಕ್ ಬೇಡವೇ ಬೇಡ. ಮೊಬೈಲ್‌ನಲ್ಲಿ ಫೋಟೊ ಹೊಡೆಯುವುದು ಬೇಡ ಅಂತ ಶುರುವಿನಲ್ಲೇ ಹೇಳಿ. ಫೋಟೊ ಇಲ್ಲದೆ ಸಭೆ ಆಗುವುದೇ ಇಲ್ಲ ಅನ್ನುವ ಅಧ್ಯಕ್ಷರು ಇದ್ದರೆ ಕೊನೆಯಲ್ಲಿ ಚಹಾ ಕುಡಿಯುವಾಗ ಒಂದು ಹೊಡೆದುಕೊಳ್ಳಲಿ.

ಹರಿಹರ, ದಾವಣಗೆರೆಯ ಬೀಡಿ ಕಟ್ಟುವ ಮನೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೊರ ಬಿಟ್ಟು ಎದ್ದರೆ ಆ ಹೊತ್ತಿನ ಕೂಲಿ ಹೋಯಿತು. ಅಲ್ಲಿ ನೀವೇ ಹೋಗಿ ಒಬ್ಬರ ಮನೆಯಲ್ಲಿ ನಾಲ್ಕೈದು ಜನ ಕೂತಲ್ಲೇ ಕೂತು ಮಾತಾಡಿ. ಅವರ ಕೈ ಬೀಡಿ ಸುತ್ತುತ್ತಲೇ ಇರಲಿ, ಕಿವಿ ನಿಮ್ಮ ಕಡೆ ಇರುತ್ತದೆ. ನನ್ನನ್ನು ಕೇಳಿದರೆ ದೊಡ್ಡ ಸಭೆಗಿಂತ ಅಂಥ ಜಾಗದಲ್ಲೇ ಮಾತು ಚೆನ್ನಾಗಿ ನಡೆಯುತ್ತದೆ.

ಯಾರನ್ನು ಕರೆಯಬೇಕು? ಮೂವತ್ತು ದಾಟಿದ ಎಲ್ಲರನ್ನೂ. ಅದರಲ್ಲೂ ವಯಸ್ಸಾದವರನ್ನು ಬಿಡಬೇಡಿ. "ನಂಗಿನ್ನೇನವ್ವ, ಮಕ್ಕಳು ಮೊಮ್ಮಕ್ಕಳು ಆದವು" ಅಂತ ಅಜ್ಜಿಯರು ಮನೆಯಲ್ಲೇ ಉಳಿಯುತ್ತಾರೆ. ವಯಸ್ಸು ಏರಿದ ಹಾಗೆ ಈ ಕಾಯಿಲೆಯ ಸಾಧ್ಯತೆಯೂ ಏರುತ್ತದೆ. ಆದ್ದರಿಂದ ಅತ್ತೆಯನ್ನೂ ಸೊಸೆಯನ್ನೂ ಇಬ್ಬರನ್ನೂ ಕರೆಯಿರಿ. ಆದರೆ ಒಬ್ಬರ ಪಕ್ಕ ಒಬ್ಬರನ್ನು ಕೂರಿಸಬೇಡಿ, ಇಬ್ಬರೂ ಬಾಯಿ ಬಿಡುವುದಿಲ್ಲ.

ಆಶಾ ಅಕ್ಕನನ್ನು ಮೊದಲು ಹಿಡಿಯಿರಿ

ಸಭೆಗೆ ಒಂದು ವಾರ ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆ ಕೂತು ಮಾತಾಡಿ. ಸರ್ಕಾರದ ಕಾರ್ಯಕ್ರಮದ ಪ್ರಕಾರ ಮೂವತ್ತು ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ನರ್ಸಮ್ಮ ಅಥವಾ ಡಾಕ್ಟರ್ ಕೈಯಿಂದ ಮೊಲೆ ಪರೀಕ್ಷೆ ಮಾಡಬೇಕು. ದುಡ್ಡು ಕೊಡಬೇಕಾಗಿಲ್ಲ. ಬಾಯಿ ಕ್ಯಾನ್ಸರ್, ಗರ್ಭಕೋಶದ ಕಂಠದ ಕ್ಯಾನ್ಸರ್, ಬಿಪಿ, ಶುಗರ್ ತಪಾಸಣೆಯೂ ಇದರ ಜೊತೆಗೇ ಬರುತ್ತವೆ. ಆಶಾ ಮನೆಮನೆಗೆ ತರುವ ಫಾರ್ಮಿನಲ್ಲಿ ಮೊಲೆಯ ಬಗ್ಗೆ ಮೂರು ಪ್ರಶ್ನೆ ಇರುತ್ತವೆ: ಗಂಟು ಇದೆಯಾ, ತೊಟ್ಟಿನಿಂದ ರಕ್ತ ಮಿಶ್ರಿತ ನೀರು ಬರುತ್ತದಾ, ಆಕಾರ ಅಥವಾ ಗಾತ್ರ ಬದಲಾಗಿದೆಯಾ.

ಈಗ ನೀವೇ ಯೋಚಿಸಿ. ಬಾಗಿಲಲ್ಲಿ ಆಶಾ ನಿಂತಿದ್ದಾಳೆ, ಜಗಲಿಯಲ್ಲಿ ಮಾವ ಕೂತಿದ್ದಾರೆ, ಗಂಡ ಬೈಕ್ ಒರೆಸುತ್ತಿದ್ದಾನೆ. "ಎದೆಯಲ್ಲಿ ಗಂಟು ಗಿಂಟು ಏನಾದ್ರೂ ಐತಾ?" ಅಂದರೆ ಯಾವ ಹೆಂಗಸು "ಹೌದು" ಅಂತಾಳೆ? "ಏನಿಲ್ಲ ಬಿಡಕ್ಕ" ಅಂತಾಳೆ, ಮೂರೂ ಕಡೆ ಇಲ್ಲ ಅಂತ ಟಿಕ್ ಬೀಳುತ್ತದೆ. ಇದರಲ್ಲಿ ಆಶಾ ತಪ್ಪೂ ಇಲ್ಲ, ಅವಳಿಗೆ ದಿನಕ್ಕೆ ಇಷ್ಟು ಮನೆ ಅಂತ ಲೆಕ್ಕ ಇರುತ್ತದೆ. ನಿಮ್ಮ ಸಭೆಯಲ್ಲಿ ಅದೇ ಮೂರು ಪ್ರಶ್ನೆಯನ್ನು ಬಾಗಿಲು ಹಾಕಿ ಇನ್ನೊಮ್ಮೆ ಕೇಳಿಸಿ. ಅಷ್ಟು ಮಾಡಿದರೂ ಸಭೆ ದಂಡವಲ್ಲ.

ಆಶಾ ಮೂಲಕ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಯನ್ನು ಕರೆಯಿರಿ. ಮೊದಲೇ ಕೇಳಿ: ಪರೀಕ್ಷೆ ಮಾಡುವವರು ಹೆಂಗಸರಾ? ಯಾವ ವಾರ ಸಿಗುತ್ತಾರೆ? ಪರದೆ ಇದೆಯಾ? ಹೆಂಗಸರು ಇಲ್ಲ ಅಂದರೆ ಹೆಂಗಸರು ಇರುವ ಆರೋಗ್ಯ ಕೇಂದ್ರ ಯಾವುದು ಅಂತ ತಿಳಿದುಕೊಂಡು ಆ ಊರಿನ ಹೆಸರನ್ನೇ ಸಭೆಯಲ್ಲಿ ಹೇಳಿ. "ಡಾಕ್ಟರ್ ಹತ್ರ ತೋರಿಸಿ" ಅಂತ ಹೇಳುವುದಕ್ಕೂ "ಮಂಗಳವಾರ ಇಂಥ ಊರಲ್ಲಿ ಇಂಥ ಸಿಸ್ಟರ್ ಇರ್ತಾರೆ" ಅಂತ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮಾತು ಎಲ್ಲಿಂದ ಶುರು ಮಾಡುವುದು

ಹುಣ್ಣಾದ ಮೊಲೆಯ ಫೋಟೊ ತೋರಿಸಬೇಡಿ. ಕೆಲವರು ಅದನ್ನೇ ಮೊದಲು ತೋರಿಸುತ್ತಾರೆ, ಹೆದರಿದರೆ ಆಸ್ಪತ್ರೆಗೆ ಹೋಗುತ್ತಾರೆ ಅಂತ. ಹೆದರಿದವರು ಆಸ್ಪತ್ರೆಗೆ ಹೋಗುವುದಿಲ್ಲ, ಮುಚ್ಚಿಟ್ಟುಕೊಳ್ಳುತ್ತಾರೆ.

ನಾನು ಹಾಲು ಕಟ್ಟಿಕೊಂಡ ಕಥೆಯಿಂದ ಶುರು ಮಾಡುತ್ತೇನೆ. "ಬಾಣಂತನದಾಗ ಯಾರಿಗೆ ಹಾಲು ಕಟ್ಟಿಕೊಂಡಿತ್ತು?" ಅಂದರೆ ಸಾಕು, ಜ್ವರ ಬಂದದ್ದು, ಎಲೆಕೋಸಿನ ಎಲೆ ಇಟ್ಟದ್ದು, ಅಮ್ಮ ಬಿಸಿನೀರು ಕಾಸಿ ಹಾಕಿದ್ದು, ಕೂಸು ಕಚ್ಚಿದ್ದು, ಎಲ್ಲ ಹೊರಗೆ ಬರುತ್ತವೆ. ನಗು ಬರುತ್ತದೆ. ಮೊಲೆ ಅನ್ನುವ ಮಾತನ್ನು ಎಲ್ಲರೂ ಜೋರಾಗಿ ಆಡಿ ಆಯಿತು, ನಾಚಿಕೆ ಅರ್ಧ ಇಳಿಯಿತು. ಆಮೇಲೆ ಮೆಲ್ಲಗೆ ಕೇಳಿ: ಕೂಸು ಹಾಲು ಬಿಟ್ಟ ಮೇಲೆ ನೀವು ಅದರ ಕಡೆ ನೋಡಿದ್ದು ಯಾವಾಗ? ಅಲ್ಲಿಂದ ವಿಷಯಕ್ಕೆ ಬನ್ನಿ.

ವಿಷಯ ಅಂದರೆ ಇಷ್ಟು. ಮೊದಲ ಗುರುತು ಹೆಚ್ಚಾಗಿ ಗಂಟು. ಅದು ಬಹಳ ಸಲ ನೋಯುವುದಿಲ್ಲ. ಈ ಒಂದು ಮಾತನ್ನು ಮೂರು ಸಲ ಹೇಳಿ, ಯಾಕೆಂದರೆ ನಮ್ಮಲ್ಲಿ ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲೇ ಲೆಕ್ಕ. ಹೊಲದ ಕೆಲಸ ನಡೆಯುತ್ತಿದೆ, ಊಟ ಸೇರುತ್ತಿದೆ, ಮತ್ತೇನು ಅಂತ. ಮೊಲೆಯ ಮೇಲ್ಭಾಗ, ಕಂಕುಳಿನ ಕಡೆ ಈ ಗಂಟು ಜಾಸ್ತಿ ಕಾಣಿಸಿಕೊಳ್ಳುತ್ತದೆ. ಕಂಕುಳಲ್ಲೇ ಗಂಟು ಬಂದರೂ ತೋರಿಸಬೇಕು. ಇನ್ನು ಚರ್ಮ ಒಂದು ಕಡೆ ಒಳಕ್ಕೆ ಎಳೆದ ಹಾಗೆ ಗುಳಿ ಬೀಳುವುದು, ಚರ್ಮ ದಪ್ಪವಾಗಿ ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಚುಕ್ಕಿ ಆಗುವುದು, ಮೊದಲು ನೆಟ್ಟಗಿದ್ದ ತೊಟ್ಟು ಈಚೆಗೆ ಒಳಗೆ ಹೋಗಿರುವುದು, ತೊಟ್ಟಿನ ಮೇಲೆ ಕಜ್ಜಿಯಂಥದ್ದು ಬಂದು ಮುಲಾಮಿಗೂ ವಾಸಿಯಾಗದಿರುವುದು, ಹಿಂಡದೆಯೇ ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು. ಕೊನೆಯದನ್ನು ಗಮನಿಸುವುದು ಸುಲಭ: ಜಂಪರ್ ಬಿಚ್ಚಿ ಒಗೆಯಲು ಹಾಕುವಾಗ ಒಳಮಗ್ಗುಲಲ್ಲಿ, ತೊಟ್ಟು ತಾಗುವ ಕಡೆಯೇ, ರೂಪಾಯಿಯಷ್ಟು ಅಗಲದ ಕಂದು ಕಲೆ ಮತ್ತೆ ಮತ್ತೆ ಕಾಣುತ್ತದೆ. ಬಟ್ಟೆ ಒಗೆಯುವವರು ಯಾರು, ನಾವೇ ಅಲ್ವಾ? ಅತ್ತೆಯ ಜಂಪರಿನಲ್ಲಿ ಅಂಥ ಕಲೆ ಕಂಡರೆ ಸೊಸೆ ಕೇಳಬಹುದು.

ಇದರ ಜೊತೆಗೇ ಇನ್ನೊಂದು ಮಾತು ಹೇಳದಿದ್ದರೆ ಅರ್ಧ ಜನಕ್ಕೆ ಅವತ್ತು ರಾತ್ರಿ ನಿದ್ದೆ ಬರುವುದಿಲ್ಲ: ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಮುಟ್ಟಿನ ಮುಂಚೆ ಮೊಲೆ ಗಟ್ಟಿಯಾಗಿ ನೋಯುವುದು ಮಾಮೂಲು. ವಯಸ್ಸಿನ ಹುಡುಗಿಯರಲ್ಲಿ ಕೈಗೆ ಸಿಕ್ಕು ಜಾರುವ ನುಣುಪು ಗಂಟು ಇರುತ್ತದೆ, ಅದೂ ಹೆಚ್ಚಾಗಿ ತೊಂದರೆ ಇಲ್ಲದ್ದು. ಆದರೆ ಇದು ಅದೇ ಅಂತ ತೀರ್ಮಾನ ಮಾಡಬೇಕಾದವರು ಡಾಕ್ಟರ್, ನಾವಲ್ಲ, ಪಕ್ಕದ ಮನೆಯವರೂ ಅಲ್ಲ.

ಹಿಟ್ಟಿನ ಕೆಲಸ

ತರಬೇತಿಗೆ ಸಿಲಿಕಾನ್ ಮಾದರಿಗಳು ಬರುತ್ತವೆ, ಮೆಡಿಕಲ್ ಕಾಲೇಜಿನವರ ಹತ್ತಿರ ಇರಬಹುದು. ಹಳ್ಳಿಗೆ ಅವು ಯಾವಾಗ ಬರಬೇಕು! ಮೈದಾ ಸಾಕು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಸ್ವಲ್ಪ ಎಣ್ಣೆ ಜಾಸ್ತಿ ಹಾಕಿ ಕಲಸಿ. ಒಂದು ಸ್ಟೀಲ್ ತಟ್ಟೆಯ ನಡುವೆ ಅಡಿಕೆಯ ಅರ್ಧ ಹೋಳನ್ನು ಟೇಪ್ ಹಾಕಿ ಗಟ್ಟಿಯಾಗಿ ಅಂಟಿಸಿ. ಅದರ ಮೇಲೆ ಹಿಟ್ಟನ್ನು ಎರಡು ಬೆರಳು ದಪ್ಪ ಹರಡಿ. ಅಡಿಕೆಯಿಂದ ದೂರ, ಹಿಟ್ಟಿನ ಒಳಗೆ ಒಂದು ದ್ರಾಕ್ಷಿ ಹುದುಗಿಸಿ. ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರ್, ಅದರ ಮೇಲೆ ಹಳೆಯ ಜಂಪರ್ ಬಟ್ಟೆ. ಚನ್ನಗಿರಿ ಕಡೆಯವರಿಗೆ ಅಡಿಕೆಗೆ ಬರವಿಲ್ಲ, ಉಳಿದವರು ಎಲೆ ಅಡಿಕೆ ಚೀಲದಿಂದ ತೆಗೆದುಕೊಳ್ಳಿ.

ಈಗ ತಟ್ಟೆಯನ್ನು ಒಬ್ಬರಿಂದ ಒಬ್ಬರಿಗೆ ಕೊಡಿ. ಎಲ್ಲರೂ ಮೊದಲು ಬೆರಳ ತುದಿಯಿಂದ ಚುಚ್ಚುತ್ತಾರೆ, ಏನೂ ಸಿಗುವುದಿಲ್ಲ. ಆಮೇಲೆ ಹೇಳಿ: ನಡುವಿನ ಮೂರು ಬೆರಳು ಜೋಡಿಸಿ, ಬೆರಳಿನ ಮೆತ್ತನೆ ಭಾಗವನ್ನು ಇಟ್ಟು, ಸಣ್ಣ ಸಣ್ಣ ಸುತ್ತು ಹಾಕಿ. ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ತಳ ಮುಟ್ಟುವಷ್ಟು ಒತ್ತಿ. ದ್ರಾಕ್ಷಿ ಬೇಗ ಸಿಕ್ಕಿ ಪಕ್ಕಕ್ಕೆ ಜಾರುತ್ತದೆ. ಅಡಿಕೆ ಸಿಗುವುದು ಮೂರನೆಯ ಒತ್ತಿಗೆ, ಸಿಕ್ಕ ಮೇಲೆ ಅಲುಗಾಡುವುದಿಲ್ಲ. ಸಿಕ್ಕ ಕೂಡಲೇ ಮುಖ ನೋಡಬೇಕು ನೀವು, ಅಲ್ಲಿಯವರೆಗೆ ಹಿಂದೆ ಕೂತು ಆಕಳಿಸುತ್ತಿದ್ದವರೂ "ನಂಗೂ ಕೊಡ್ರಿ ಇಲ್ಲಿ" ಅಂತ ಮುಂದೆ ಬರುತ್ತಾರೆ. ಇದು ಬೆರಳಿಗೆ ಅಭ್ಯಾಸ ಆಗಲಿ ಅಂತ ಮಾಡುವುದು ಮಾತ್ರ. ಜಾರಿದರೆ ಒಳ್ಳೆಯದು, ಜಾರದಿದ್ದರೆ ಕೆಟ್ಟದ್ದು ಅಂತ ಯಾರೂ ಮನೆಯಲ್ಲೇ ತೀರ್ಪು ಕೊಟ್ಟುಕೊಳ್ಳಬಾರದು ಅಂತ ಒತ್ತಿ ಹೇಳಿ. ಎರಡು ಥರದ್ದನ್ನೂ ತೋರಿಸಬೇಕು.

ತಮ್ಮ ಮೈಮೇಲೆ ಮಾಡಿಕೊಳ್ಳುವುದೂ ಇದೇ ರೀತಿ. ಮುಟ್ಟು ಶುರುವಾಗಿ ಏಳರಿಂದ ಹತ್ತು ದಿನಕ್ಕೆ ಮೊಲೆ ಮೆತ್ತಗಿರುತ್ತದೆ, ಆಗ ನೋಡಿಕೊಳ್ಳಿ. ಮುಟ್ಟು ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಲಿ, ಸಂಘದ ಹಣ ಕಟ್ಟುವ ದಿನವೇ ಆಗಲಿ, ನೆನಪಿರುತ್ತದೆ. ಸ್ನಾನದಲ್ಲಿ ಸೋಪು ಹಚ್ಚಿದ ಕೈ ಸುಲಭವಾಗಿ ಜಾರುತ್ತದೆ. ಕೊರಳ ಕೆಳಗಿನ ಮೂಳೆಯಿಂದ ಮೊಲೆಯ ಕೆಳಗಿನ ಗೆರೆವರೆಗೆ, ಎದೆಯ ನಡುವಿನಿಂದ ಕಂಕುಳಿನವರೆಗೆ, ಹೊಲದಲ್ಲಿ ಸಾಲು ಹೊಡೆದ ಹಾಗೆ ಮೇಲೆ ಕೆಳಗೆ ಬಿಡದೆ ಹೋಗಬೇಕು. ಎಡಕ್ಕೆ ಬಲಗೈ, ಬಲಕ್ಕೆ ಎಡಗೈ. ಆಮೇಲೆ ಕನ್ನಡಿ ಮುಂದೆ ಕೈ ಇಳಿಬಿಟ್ಟು ಒಮ್ಮೆ, ಸೊಂಟದ ಮೇಲೆ ಕೈ ಒತ್ತಿ ಒಮ್ಮೆ, ಕೈ ಮೇಲೆತ್ತಿ ಒಮ್ಮೆ ನೋಡಿಕೊಳ್ಳುವುದು. ಎರಡೂ ಮೊಲೆ ಒಂದೇ ಅಳತೆ ಇರುವುದಿಲ್ಲ, ಅದಕ್ಕೆ ಹೆದರಬೇಡಿ. ಹಳ್ಳಿಮನೆಯಲ್ಲಿ ಎದೆಮಟ್ಟದ ಕನ್ನಡಿ, ಅದೂ ಬಾಗಿಲು ಹಾಕುವ ಕೋಣೆಯಲ್ಲಿ, ಎಷ್ಟು ಜನಕ್ಕಿದೆ ಹೇಳಿ. ಇಲ್ಲದಿದ್ದರೆ ಬಚ್ಚಲಲ್ಲಿ ಕೈಯಿಂದ ನೋಡಿಕೊಂಡರೂ ನಡೆಯುತ್ತದೆ.

ಇಲ್ಲಿ ಒಂದು ನಿಜ ಹೇಳಲೇಬೇಕು, ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ತಿಂಗಳು ತಿಂಗಳು ತಾವೇ ಪರೀಕ್ಷೆ ಮಾಡಿಕೊಂಡರೆ ಸಾವು ಕಡಿಮೆಯಾಗುತ್ತದಾ ಅಂತ ಚೀನಾದ ಶಾಂಘೈನಲ್ಲಿ ಸುಮಾರು 2.66 ಲಕ್ಷ ಹೆಂಗಸರನ್ನು ಇಟ್ಟುಕೊಂಡು ನೋಡಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಸಾವಿನ ಲೆಕ್ಕ ಪರೀಕ್ಷೆ ಕಲಿಸಿದ ಗುಂಪು, ಕಲಿಸದ ಗುಂಪು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಇತ್ತು. ನಮ್ಮದೇ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಬೇರೆ ಥರ ಶುರು ಮಾಡಿದರು: ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡುವುದು. ಸುಮಾರು ಒಂದೂವರೆ ಲಕ್ಷ ಹೆಂಗಸರು, ಇಪ್ಪತ್ತು ವರ್ಷ. 2021ರಲ್ಲಿ ಲೆಕ್ಕ ಹೊರಗೆ ಬಂತು. ರೋಗ ಬೇಗನೆ ಗೊತ್ತಾಗಿತ್ತು. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ ಮೂವತ್ತರ ಹತ್ತಿರ ಕಡಿಮೆಯಾಗಿತ್ತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಹಿಟ್ಟಿನ ಆಟ ಕಲಿಸಿ ಮನೆಗೆ ಕಳಿಸಿದರೆ ಕೆಲಸ ಮುಗಿಯಲಿಲ್ಲ. ನಿಮ್ಮ ಮೈ ಹೇಗಿದೆ ಅಂತ ನಿಮಗೆ ಗೊತ್ತಿರಲಿ, ಬದಲಾದರೆ ಕೂಡಲೇ ತೋರಿಸಿ, ಬದಲಾಗದಿದ್ದರೂ ಸಿಸ್ಟರ್ ಹತ್ತಿರ ಪರೀಕ್ಷೆಗೆ ಹೋಗಿ, ಈ ಮೂರೂ ಸೇರಿದರೆ ಸಭೆ ಪೂರ್ತಿಯಾಗುತ್ತದೆ.

ಕೇಳುವ ಪ್ರಶ್ನೆಗಳು

"ಮೊಬೈಲ್ ಜಂಪರ್ ಒಳಗೆ ಇಟ್ಕೊಂಡ್ರೆ ಬರುತ್ತಂತೆ", "ಕಪ್ಪು ಬ್ರಾ ಹಾಕಬಾರದಂತೆ", "ಪೆಟ್ಟು ಬಿದ್ರೆ ಆಗುತ್ತಂತೆ". ಇವುಗಳಿಗೆ ಸಾಕ್ಷಿ ಇಲ್ಲ ಅಂತ ಎರಡು ಮಾತಲ್ಲಿ ಹೇಳಿ ಮುಂದೆ ಹೋಗಿ. ನಗಬೇಡಿ, ನಕ್ಕರೆ ಮುಂದಿನ ಪ್ರಶ್ನೆ ಬರುವುದಿಲ್ಲ. ಮುಟ್ಟಿದರೆ ಅಂಟುತ್ತದಾ, ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದಾ ಅಂತ ಕೇಳಿದರೆ ಮಾತ್ರ ನಿಧಾನವಾಗಿ, ಖಡಾಖಂಡಿತವಾಗಿ ಇಲ್ಲ ಅನ್ನಿ. ಈ ಪ್ರಶ್ನೆಯ ಹಿಂದೆ ಮನೆಯಲ್ಲಿ ಬೇರೆ ಲೋಟ ಇಟ್ಟಿರುವ ಯಾರೋ ಒಬ್ಬರು ಇರುತ್ತಾರೆ.

"ನಮ್ಮ ವಂಶದಾಗೆ ಯಾರಿಗೂ ಇಲ್ಲ" ಅನ್ನುವುದು ಇನ್ನೊಂದು. ಮನೆತನದಿಂದ ಬರುವ ವಂಶವಾಹಿ ದೋಷದ ಪಾಲು ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವರಲ್ಲಿ ಬಹಳ ಜನಕ್ಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆಣ್ಣಾಗಿರುವುದು, ವಯಸ್ಸಾಗುವುದು, ಇವೆರಡೇ ದೊಡ್ಡ ಕಾರಣ. ಹಾಗಂತ ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಲ್ಲೇ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಮೊಲೆ ಉಣಿಸುವುದರಿಂದ ಅಪಾಯ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಐದು ಮಕ್ಕಳಿಗೆ ಹಾಲು ಕೊಟ್ಟವರಿಗೂ ಬರಬಹುದು.

"ಸೂಜಿ ಚುಚ್ಚಿದ್ರೆ ಹರಡುತ್ತಂತೆ" ಅನ್ನುವ ಮಾತಿಗೆ ಸಮಯ ಕೊಡಿ, ಇದು ಜನರನ್ನು ಆಸ್ಪತ್ರೆಯ ಬಾಗಿಲಿಂದ ವಾಪಸ್ ಕರೆತರುವ ಮಾತು. ಡಾಕ್ಟರ್ ಮೊದಲು ಕೈಯಿಂದ ನೋಡುತ್ತಾರೆ, ಆಮೇಲೆ ಸ್ಕ್ಯಾನ್ ಅಥವಾ ಮ್ಯಾಮೊಗ್ರಾಂ (ಮೊಲೆಯ ಎಕ್ಸ್‌ರೇ), ಆಮೇಲೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ. ಆ ಚೂರು ನೋಡದೆ ಯಾವ ಥರದ್ದು, ಯಾವ ಔಷಧ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಮೊಲೆಗೆ ಸೂಜಿ ಬಯಾಪ್ಸಿ ಮಾಡಿದ್ದರಿಂದ ರೋಗಿಯ ಸ್ಥಿತಿ ಕೆಡುತ್ತದೆ ಅನ್ನುವುದು ಸುಳ್ಳು ಹೆದರಿಕೆ. ಮೊಲೆ ಪೂರ್ತಿ ತೆಗೆಯುತ್ತಾರಾ ಅಂತಲೂ ಕೇಳುತ್ತಾರೆ. ಬೇಗ ಹೋದರೆ ಎಷ್ಟೋ ಜನಕ್ಕೆ ಗಂಟು ಮತ್ತು ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಡುತ್ತಾರೆ.

ನಾಟಿ ಔಷಧ? ಲೇಪ ಹಚ್ಚಿ ಗಂಟು ಕರಗಿಸುತ್ತೇವೆ ಅನ್ನುವವರು ಎಲ್ಲ ಕಡೆ ಇದ್ದಾರೆ. ಊರವರು ನಂಬಿದವರನ್ನು ಸಭೆಯಲ್ಲಿ ಬೈದರೆ ನಿಮ್ಮ ಮಾತೇ ಬಿದ್ದುಹೋಗುತ್ತದೆ. ನಾನು ಹೀಗೆ ಹೇಳುತ್ತೇನೆ: "ಮೊದ್ಲು ಚೂರು ತೆಗೆದು ನೋಡ್ಲಿ. ಕ್ಯಾನ್ಸರ್ ಅಲ್ಲ ಅಂತ ಬಂದ್ರೆ ಆಮೇಲೆ ಯಾವ ಲೇಪನಾದ್ರೂ ಹಚ್ಕೊಳ್ರಿ." ಇದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

ಚಪ್ಪಲಿ ಹುಡುಕುತ್ತಾ ನಿಲ್ಲುವವರು

ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರು ಸುಮ್ನೆ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಾರೆ. ಇಲ್ಲ ತಟ್ಟೆ ತೊಳೆಯಲು ಬರುತ್ತೇನೆ ಅನ್ನುತ್ತಾರೆ. ನೀವು ಇಡೀ ಸಂಜೆ ಮಾಡಿದ್ದು ಇವರಿಗೋಸ್ಕರ. ಆದ್ದರಿಂದ ನೀವು ಎಲ್ಲರಿಗಿಂತ ಕೊನೆಗೆ ಹೊರಡಬೇಕು, ಆಶಾ ಅಕ್ಕನನ್ನೂ ನಿಲ್ಲಿಸಿಕೊಳ್ಳಬೇಕು. "ಅಕ್ಕಾರೆ, ನಂಗೊಂದು ಸ್ವಲ್ಪ..." ಅಂತ ಶುರುವಾದರೆ ನಡುವೆ ಬಾಯಿ ಹಾಕದೆ ಕೇಳಿ. "ಅಯ್ಯೋ, ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಅಂತ ಮಾತ್ರ ಅನ್ನಬೇಡಿ. "ಕ್ಯಾನ್ಸರ್ ಇರಲಾರದು ಬಿಡು" ಅಂತಲೂ ಅನ್ನಬೇಡಿ. "ತೋರಿಸೋಣ, ನಾನು ಬರ್ತೀನಿ" ಅನ್ನಿ.

ಆಮೇಲೆ ಅಲ್ಲೇ ನಿಂತು ನಾಲ್ಕು ವಿಷಯ ಗೊತ್ತು ಮಾಡಿಕೊಳ್ಳಿ. ಯಾವ ದಿನ, ಅದು ಅದೇ ವಾರದಲ್ಲಿ ಇರಬೇಕು. ಯಾರು ಜೊತೆಗೆ. ಅವತ್ತಿನ ಮನೆಕೆಲಸ, ದನ, ಮಕ್ಕಳು ಯಾರ ಪಾಲಿಗೆ. ಮನೆಯಲ್ಲಿ ಏನು ಹೇಳುವುದು. ಈ ಕೊನೆಯದೇ ಕಷ್ಟ. ಗಂಡನಿಗೆ ಹೇಳಲು ಅವರಿಗೆ ಹಿಂಜರಿಕೆ ಇದ್ದರೆ "ಸಂಘದಿಂದ ಎಲ್ಲರಿಗೂ ಪರೀಕ್ಷೆ ಮಾಡಿಸ್ತಿದಾರೆ" ಅಂತ ಹೇಳಿ ಹೊರಡಲಿ. ಅದು ಸುಳ್ಳಾಗಬಾರದು ಅಂದರೆ ನಿಜವಾಗಿಯೂ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ, ಅವರಿಗೂ ಪರೀಕ್ಷೆ ಆಗಲಿ. ಒಬ್ಬರೇ ಹೋದರೆ ಊರೆಲ್ಲ ಕಣ್ಣು. ಮೂವರು ಹೋದರೆ ಆಸ್ಪತ್ರೆ ಕೆಲಸದ ಜೊತೆ ಪೇಟೆ ಕೆಲಸವೂ ಆಗುತ್ತದೆ.

ಮೊದಲು ನಿಮ್ಮ ಆರೋಗ್ಯ ಕೇಂದ್ರ. ಅಲ್ಲಿಂದ ಚೀಟಿ ಬರೆಸಿಕೊಂಡು ತಾಲ್ಲೂಕು ಆಸ್ಪತ್ರೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಆ ಕಡೆಯವರಾದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಆಧಾರ್, ರೇಷನ್ ಕಾರ್ಡ್ ಎರಡೂ ಮೂಲ ಪ್ರತಿ, ಜೊತೆಗೆ ಎರಡೆರಡು ಜೆರಾಕ್ಸ್. ಬೆಳಿಗ್ಗೆಯೇ ಹೊರಡಿ, ಚೀಟಿ ಮಾಡಿಸುವ ಸಾಲು ಉದ್ದ ಇರುತ್ತದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡುವುದು ಪ್ರೈವೇಟ್ ಬಸ್ಸೇ, ಅದಕ್ಕೆ ದುಡ್ಡು ಇಟ್ಟುಕೊಂಡಿರಿ. ಮ್ಯಾಮೊಗ್ರಾಂ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಇರುವುದಿಲ್ಲ, ಎಲ್ಲಿ ಮಾಡಿಸಬೇಕು ಅಂತ ಚೀಟಿ ಬರೆಯುವಾಗಲೇ ಕೇಳಿ. ಚಿಕ್ಕ ವಯಸ್ಸಿನವರಿಗೆ ಸ್ಕ್ಯಾನ್ ಸಾಕು ಅಂದರೆ ಅನುಮಾನ ಪಡಬೇಡಿ. ಅವರ ಮೊಲೆ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ದುಡ್ಡಿನ ಮಾತನ್ನು ಮುಚ್ಚಿಡಬೇಡಿ, ಹೆಂಗಸರು ಮೊದಲು ಲೆಕ್ಕ ಹಾಕುವುದೇ ಅದನ್ನು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಪ್ರೈವೇಟ್ ಆಸ್ಪತ್ರೆಯಲ್ಲಿ ಇದನ್ನು ಬಳಸಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಸೀದಾ ಪ್ರೈವೇಟಿಗೆ ಹೋಗಿ ಅರ್ಧ ದುಡ್ಡು ಕಟ್ಟಿದ ಮೇಲೆ ಕಾರ್ಡ್ ತೋರಿಸಿ ಪೇಚಾಡುವ ಮನೆಗಳು ಬಹಳ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೆ ಬರೆದರೆ ಅದು 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ, ಹೆದರಬೇಕಾಗಿಲ್ಲ. ರಾತ್ರಿ ಬಸ್ಸೋ ರೈಲೋ ಹಿಡಿದರೆ ಬೆಳಿಗ್ಗೆ ಅಲ್ಲಿ. ಜೊತೆಯವರಿಗೆ ಬಟ್ಟೆ ಇರಲಿ, ಒಂದೇ ದಿನಕ್ಕೆ ಮುಗಿಯದೆ ಇರಬಹುದು. ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ಫಿಲಂ, ಸ್ಲೈಡ್ (ತೆಗೆದ ಚೂರು ಇಟ್ಟ ಗಾಜಿನ ಪಟ್ಟಿ) ಎಲ್ಲವನ್ನೂ ಒಂದೇ ಚೀಲದಲ್ಲಿ ಇಡಿ, ಬೇರೆ ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದು.

ಏನೂ ಇಲ್ಲ ಅಂತ ಬಂದರೆ? ಅದೂ ಸಂಘಕ್ಕೆ ಬೇಕಾದ ಸುದ್ದಿ. ಅವರು ಒಪ್ಪಿದರೆ ಮುಂದಿನ ಸಭೆಯಲ್ಲಿ ಅವರ ಬಾಯಿಂದಲೇ ಕೇಳಿಸಿ: ಎಷ್ಟು ಹೊತ್ತಾಯಿತು, ನೋವಾಯಿತಾ, ಯಾರು ನೋಡಿದರು. ಒಪ್ಪದಿದ್ದರೆ ಹೆಸರು ಎತ್ತಬೇಡಿ. ಚಿಕಿತ್ಸೆ ಶುರುವಾದವರ ಹೆಸರನ್ನಂತೂ ಅವರಾಗಿ ಹೇಳುವವರೆಗೆ ಸಂಘದೊಳಗೂ ಆಡಬೇಡಿ. ಅವರಿಗೆ ಬೇಕಾಗುವುದು ಬೇರೆ. ಕೀಮೋ ನಡೆಯುವ ತಿಂಗಳುಗಳಲ್ಲಿ ಹಾಲು ಕರೆಯಲು, ರೊಟ್ಟಿ ಬಡಿಯಲು ಒಬ್ಬರು, ಸಂಘದ ಕಂತಿಗೆ ಸ್ವಲ್ಪ ಗಡುವು. ಕಂತಿನ ಮಾತನ್ನು ಅವರು ಬಂದು ಕೇಳಲಿ ಅಂತ ಕಾಯದೆ ನೀವೇ ಎತ್ತಿ.

ಗಂಡಸರ ವಿಷಯ ಚಿಕ್ಕದು. ಅವರಿಗೂ ಈ ಕ್ಯಾನ್ಸರ್ ಬರುತ್ತದೆ, ಬಹಳ ಅಪರೂಪ, ಈ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಗಂಡಸರು ಒಬ್ಬರ ಆಸುಪಾಸು. ತೊಟ್ಟಿನ ಹಿಂದೆ ಗಟ್ಟಿ ಗಂಟು ಕಂಡರೆ ಅವರೂ ತೋರಿಸಬೇಕು. ಇದನ್ನು ಹೊರಗೆ ಕಟ್ಟೆಯ ಮೇಲೆ ಕೂತವರಿಗೆ ಹೇಳಿ, ಒಳಗೆ ಏನು ಮಾತಾಡಿದಿರಿ ಅಂತ ಅವರು ಹೇಗಿದ್ದರೂ ಕೇಳುತ್ತಾರೆ. ಜೊತೆಗೆ ಎರಡು ಮೂರು ಆಟೊ, ಬೈಕ್ ಇರುವವರ ನಂಬರ್ ಬರೆದುಕೊಳ್ಳಿ, ಬಸ್ಸು ತಪ್ಪಿದ ದಿನಕ್ಕೆ.

ಪರೀಕ್ಷೆ ಆದವರ ಹೆಸರಿನ ಮುಂದೆ ದಿನಾಂಕವನ್ನು ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ, ದಿನಾಂಕ ಮಾತ್ರ, ಫಲಿತಾಂಶ ಬೇಡ. ಇನ್ನೂ ಹೋಗದವರು ಯಾರು ಅಂತ ಪ್ರತಿ ತಿಂಗಳು ಹಣ ಎಣಿಸುವಾಗ ಗೊತ್ತಾಗುತ್ತದೆ.